ಪರೀಕ್ಷೆಗೆ ಬಂದು ಹಾಡು ಕಲಿಸಿದವರು

ನನ್ನ ಅಜ್ಜಿ ಓದಿದ್ದು ಮೂರನೆಯ ತರಗತಿಯವರೆಗೆ ಮಾತ್ರ. ಮನೆಯ ಮಾತು ತುಳು. ಕನ್ನಡವೆಂಬುದು ಅವರ ಪಾಲಿಗೆ ಶಾಲೆಯ ಭಾಷೆ, ಪುಸ್ತಕದ ಭಾಷೆ. ಮದುವೆಯಾಗಿ ಬೇಸಾಯದ ಮನೆಯನ್ನು ಸೇರಿದ ಮೇಲೆ ಅವರ ಕೈಗೆ ಪುಸ್ತಕ ಬಂದುದು ಬಲು ಅಪರೂಪ. ಆದರೂ ಮಳೆಗಾಲದ ಸಂಜೆಗಳಲ್ಲಿ ಮೊಮ್ಮಕ್ಕಳಾದ ನಮ್ಮನ್ನು ಸುತ್ತ ಕೂರಿಸಿಕೊಂಡು, ಅಂಗೈಯನ್ನು ಹೆಡೆಯಂತೆ ಎತ್ತಿ, ನಾಗರಹಾವನ್ನು ಕುರಿತ ಒಂದು ಕನ್ನಡ ಹಾಡನ್ನು ಅವರು ಹಾಡುತ್ತಿದ್ದರು. ಒಂದು ಪದವೂ ತಪ್ಪುತ್ತಿರಲಿಲ್ಲ. ಅದು ಅಜ್ಜಿಯೇ ಕಟ್ಟಿದ ಹಾಡೆಂದು ನಾನು ಬಹುಕಾಲ ನಂಬಿದ್ದೆ. ಮುಂದೆ ಕಾಲೇಜಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದುವಾಗ ಅದು ಪಂಜೆ ಮಂಗೇಶರಾಯರ ‘ಹಾವಿನ ಹಾಡು’ ಎಂದು ತಿಳಿಯಿತು. ಊರಿಗೆ ಹೋದಾಗ ಅಜ್ಜಿಗೆ ಈ ವಿಷಯವನ್ನು ಹೇಳಿದೆ. ಕವಿಯ ಹೆಸರು ಅವರಿಗೆ ನೆನಪಿರಲಿಲ್ಲ. ಪುಸ್ತಕದ ಬಣ್ಣವೂ ನೆನಪಿರಲಿಲ್ಲ. ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಉಳಿದುದು ಹಾಡು ಮಾತ್ರ.

ಮಕ್ಕಳು ಓದುವುದನ್ನು ಬಿಟ್ಟಿದ್ದಾರೆ ಎಂಬ ಅಳಲು ಇಂದು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತದೆ. ಅಧ್ಯಾಪಕನಾದ ನಾನೂ ಆ ಮಾತನ್ನು ವೇದಿಕೆಯ ಮೇಲಿಂದ ಎಷ್ಟೋ ಸಲ ಆಡಿದ್ದೇನೆ. ಆಡಿ ಮನೆಗೆ ಬಂದ ಮೇಲೆ ಅಜ್ಜಿಯ ನೆನಪಾಗುತ್ತದೆ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಒಬ್ಬ ಹಳ್ಳಿಯ ಹುಡುಗಿಯ ಎದೆಯಲ್ಲಿ ಒಂದು ಪಠ್ಯಪುಸ್ತಕದ ಹಾಡು ಬಾಳಿನುದ್ದಕ್ಕೂ ನೆಲೆಸಿದ್ದು ಹೇಗೆ? ಈ ಪ್ರಶ್ನೆಯೇ ನನ್ನನ್ನು ಪಂಜೆಯವರ ಬಾಳಿನ ಕಡೆಗೆ ಮತ್ತೆ ಮತ್ತೆ ಕರೆದೊಯ್ದಿದೆ.

ಮಂಗೇಶರಾಯರು ಜನಿಸಿದುದು 1874ರ ಫೆಬ್ರವರಿಯಲ್ಲಿ, ನೇತ್ರಾವತಿಯ ದಡದ ಬಂಟವಾಳದಲ್ಲಿ. ಅಂದು ಆ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷು. ಹೀಗೆ ನಾಲ್ಕು ನುಡಿಗಳ ನಡುವೆ ಆ ಬಾಲಕ ಬೆಳೆದನು. ಈ ಸಂಗತಿಯನ್ನು ನಾವು ಲಘುವಾಗಿ ಎಣಿಸಬಾರದು. ಕನ್ನಡವು ತಾಯಿಯ ಮಡಿಲಲ್ಲಿ ಬಾರದೆ ಪುಸ್ತಕದ ಮೂಲಕ ಬರುವ ಮಗುವಿಗೆ ಆ ಪುಸ್ತಕವು ಎಷ್ಟು ಪರಕೀಯವಾಗಿ ಕಾಣಬಲ್ಲದೆಂಬುದನ್ನು ಅವರು ಸ್ವತಃ ಅನುಭವಿಸಿ ತಿಳಿದಿದ್ದರು. ತಂದೆ ರಾಮಪ್ಪಯ್ಯನವರು ಬೇಗನೆ ತೀರಿಕೊಂಡರು. ಎಳೆಯ ವಯಸ್ಸಿನಲ್ಲಿಯೇ ತುಂಬು ಸಂಸಾರದ ಭಾರ ಹೆಗಲೇರಿತು. ಬಡತನದಲ್ಲಿಯೇ ವಿದ್ಯಾಭ್ಯಾಸ ಸಾಗಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಬೋಧಿಸುವ ಕೆಲಸ ದೊರೆಯಿತು. ದುಡಿಯುತ್ತಲೇ ಓದಿ ಅವರು ಬಿ.ಎ. ಪದವೀಧರರಾದರು.

ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರಡಿಸಿದ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರಲ್ಲಿ ಪಂಜೆಯವರ ‘ನನ್ನ ಚಿಕ್ಕ ತಾಯಿ’ ಪ್ರಕಟವಾಯಿತು. ಕನ್ನಡದ ಮೊದಮೊದಲ ಸಣ್ಣಕಥೆಗಳ ಮಾತು ಬಂದಾಗ ಇಂದಿಗೂ ಅದರ ಹೆಸರನ್ನು ಎತ್ತದಿರುವಂತಿಲ್ಲ. ಹಗುರವಾದ ಹಾಸ್ಯ, ಬಳಕೆಯ ಮಾತಿನ ಸೊಗಸು, ನೋಡಿದ್ದನ್ನು ನೋಡಿದಂತೆ ಚಿತ್ರಿಸುವ ಜಾಣ್ಮೆ, ಇವೆಲ್ಲ ಅವರಿಗೆ ಆರಂಭದಿಂದಲೇ ಕೈಗೂಡಿದ್ದುವು. ಆ ದಾರಿಯಲ್ಲಿಯೇ ಮುಂದುವರಿದಿದ್ದರೆ ಅವರು ದೊಡ್ಡ ಕಥೆಗಾರರೆಂದೋ ಕಾದಂಬರಿಕಾರರೆಂದೋ ಕೀರ್ತಿಯನ್ನು ಪಡೆಯುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರ ಜೀವನೋಪಾಯವು ಅವರನ್ನು ಬೇರೊಂದು ದಾರಿಗೆ ತಂದಿತು. ಅವರು ಶಾಲೆಗಳ ಇನ್ಸ್‌ಪೆಕ್ಟರರಾದರು.

ಆ ಕಾಲದ ಶಾಲೆಗೆ ಇನ್ಸ್‌ಪೆಕ್ಟರರ ಭೇಟಿ ಎಂದರೆ ಏನೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ನೋಡಿ ಶಾಲೆಗೆ ಗ್ರಾಂಟು ಕೊಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಮದರಾಸು ಪ್ರಾಂತದಲ್ಲಿ ರೂಢಿಯಲ್ಲಿತ್ತು. ಮಗು ತಡವರಿಸಿದರೆ ಉಪಾಧ್ಯಾಯನ ಅನ್ನಕ್ಕೆ ಸಂಚಕಾರ. ಆದುದರಿಂದ ಓದು ಎಂದರೆ ಒಪ್ಪಿಸುವುದು, ಪುಸ್ತಕ ಎಂದರೆ ಬೆತ್ತದ ಜೊತೆಯಲ್ಲಿ ಬರುವ ವಸ್ತು ಎಂಬ ಭಾವನೆ ಶಾಲೆಗಳಲ್ಲಿ ಬೇರೂರಿತ್ತು. ಅಂತಹ ಶಾಲೆಗೆ ರುಮಾಲು ಸುತ್ತಿದ ಅಧಿಕಾರಿಯೊಬ್ಬರು ಬರುವರೆಂದರೆ ಮಕ್ಕಳಿಗೂ ಅಧ್ಯಾಪಕರಿಗೂ ಒಂದೇ ಬಗೆಯ ನಡುಕ.

ಪಂಜೆಯವರು ಬಂದರೆ ಮಾತ್ರ ಹಾಗಾಗುತ್ತಿರಲಿಲ್ಲವೆಂಬುದನ್ನು ಆ ತಲೆಮಾರಿನ ಅನೇಕರು ನೆನೆದಿದ್ದಾರೆ. ಅವರು ಮಕ್ಕಳ ನಡುವೆ ನಿಂತು ಕಥೆ ಹೇಳುತ್ತಿದ್ದರು. ಹಾಡನ್ನು ಅಭಿನಯಿಸಿ ಹಾಡಿಸುತ್ತಿದ್ದರು. ತನಿಖೆಯೂ ನಡೆಯುತ್ತಿತ್ತು, ವರದಿಯೂ ಹೋಗುತ್ತಿತ್ತು. ಅವರು ಕರ್ತವ್ಯವನ್ನು ಮರೆತವರಲ್ಲ. ಆದರೆ ಮಗು ಏನನ್ನು ಬಲ್ಲದು ಎಂದು ಅಳೆಯುವುದಕ್ಕಿಂತ ಮುಂಚೆ ಅದು ಯಾವುದರಿಂದ ನಗುವುದು, ಯಾವುದಕ್ಕೆ ಕಣ್ಣರಳಿಸುವುದು ಎಂಬುದನ್ನು ಅವರು ನೋಡುತ್ತಿದ್ದರು. ಊರೂರು ತಿರುಗುವ ಈ ಕೆಲಸವೇ ಅವರಿಗೆ ಮಕ್ಕಳ ಮನಸ್ಸಿನ ದೊಡ್ಡ ಶಾಲೆಯಾಯಿತು. ಅಲ್ಲಿ ಕಲಿತುದನ್ನು ಅವರು ಪಠ್ಯಪುಸ್ತಕಗಳೊಳಕ್ಕೆ ತಂದರು.

ಪಠ್ಯಪುಸ್ತಕವೆಂದರೆ ಓದಿನ ಪ್ರೀತಿ ಬತ್ತಿಹೋಗುವ ಜಾಗವೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಪಂಜೆಯವರು ಅಲ್ಲಿಯೇ ಅದನ್ನು ಬಿತ್ತಲು ಹೊರಟರು. ಬಡವರ ಮನೆಯ ಮಗುವಿನ ಕೈಗೆ ಬರುವ ಪುಸ್ತಕ ಅದೊಂದೇ ಎಂಬುದು ಅವರಿಗೆ ಗೊತ್ತಿತ್ತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಶಾಲಾ ಪದ್ಯಪುಸ್ತಕಗಳಿಗಾಗಿ ಅವರು ಹಳೆಯ ಕವಿಗಳ ಪದ್ಯಗಳನ್ನು ಆಯ್ದರು. ಅವುಗಳ ಪಕ್ಕದಲ್ಲಿ ತಾವೇ ಹೊಸ ಹಾಡುಗಳನ್ನು ಬರೆದು ಸೇರಿಸಿದರು. ಆ ಹಾಡುಗಳಿಗೆ ಅವರು ಇಟ್ಟುಕೊಂಡ ಹೆಸರು ‘ಕವಿಶಿಷ್ಯ’.

‘ಹಾವಿನ ಹಾಡ’ನ್ನೇ ನೋಡೋಣ. ಅದರಲ್ಲಿ ಒಂದು ಮಗು ನಾಗರಹಾವನ್ನು ಮಾತನಾಡಿಸುತ್ತದೆ. ಹಾಲು ಕುಡಿಯಲು ಕರೆಯುತ್ತದೆ, ಕೊಳಲು ಊದುವೆನೆನ್ನುತ್ತದೆ, ಹೆಡೆಯನ್ನು ತೋರೆನ್ನುತ್ತದೆ, ತಲೆಯಲ್ಲಿರುವ ರತ್ನದ ಸುದ್ದಿಯನ್ನು ವಿಚಾರಿಸುತ್ತದೆ, ಬಡವರಿಗೆ ಚಿನ್ನವನ್ನು ಬೇಡುತ್ತದೆ. ಕಡೆಗೆ ಅದರ ಒಳಗಿನ ಹಗೆಯನ್ನು ನೆನೆದು, ನಮಸ್ಕಾರ ಮಾಡಿ, ಹೊರಕ್ಕೆ ಕಳಿಸಿಬಿಡುತ್ತದೆ. ನುಡಿಯ ಕೊನೆಗೆ ಒಂದೇ ಅಕ್ಷರದ ಮಾತು ಮತ್ತೆ ಮತ್ತೆ ಮರಳುವುದರಿಂದ ಅಕ್ಷರ ಬಾರದ ಕೂಸೂ ಅಲ್ಲಿಗೆ ಬಂದಾಗ ದನಿಗೂಡಿಸುತ್ತದೆ. ಹಾವನ್ನು ಕಂಡಾಗ ಮಗುವಿನಲ್ಲಿ ಹುಟ್ಟುವ ಭಯವೂ ಬೆರಗೂ ಇಲ್ಲಿ ಒಟ್ಟಿಗೆ ಇವೆ. ಹಾವಿನಿಂದ ಕಲಿಯಬೇಕಾದ ನೀತಿ ಏನು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ನೀತಿಪಾಠಗಳಿಂದ ತುಂಬಿದ್ದ ಅಂದಿನ ವಾಚಕಗಳ ನಡುವೆ ಇದು ಸಣ್ಣ ಸಾಹಸವಲ್ಲ.

‘ತೆಂಕಣ ಗಾಳಿಯಾಟ’ದಲ್ಲಿ ಕರಾವಳಿಯ ಬಿರುಗಾಳಿ ಅಕ್ಷರಗಳೊಳಗೆ ನುಗ್ಗಿ ಬರುತ್ತದೆ. ಅದನ್ನು ಮೌನವಾಗಿ ಓದುವುದೇ ಕಷ್ಟ; ಬಾಯಿ ತಾನಾಗಿ ತೆರೆಯುತ್ತದೆ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯ ಬಗೆಯೇ ಬೇರೆ. ಕಡಲ ಕರೆಯ ಮನೆಗಳ ಅಂಗಳದಲ್ಲಿ ಸಿಗಡಿಯನ್ನು ಬಿಸಿಲಿಗೆ ಹರಡುವುದು ಅಲ್ಲಿನ ಮಕ್ಕಳು ದಿನವೂ ಕಂಡ ನೋಟ. ಅದು ಒಣಗದಿರಲು ಕಾರಣವನ್ನು ಕೇಳುತ್ತ ಹೋದರೆ ಒಬ್ಬರು ಇನ್ನೊಬ್ಬರ ಮೇಲೆ ನೆಪ ಹೇಳುತ್ತಾರೆ. ಒಂದು ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆಯ ಅಚ್ಚು ಒಂದೇ ಆದುದರಿಂದ ಮುಂದಿನ ಸಾಲು ಹೇಗೆ ಬರುವುದೆಂದು ಮಗುವಿಗೆ ಮೊದಲೇ ಗೊತ್ತು. ಬಾಯಿಗೆ ಬಂದುದನ್ನೇ ಬೆರಳು ಪುಟದ ಮೇಲೆ ಹುಡುಕುತ್ತದೆ. ಹುಡುಕಿದ್ದು ಸಿಕ್ಕಿದಾಗ ಅದಕ್ಕೆ ತಾನು ಓದಬಲ್ಲೆನೆಂಬ ಧೈರ್ಯ ಬರುತ್ತದೆ. ಎಳೆಯರ ಶಿಕ್ಷಣವನ್ನು ಕುರಿತು ಇಂದು ದೊಡ್ಡ ಗ್ರಂಥಗಳೇ ಇವೆ. ಪಂಜೆಯವರು ಈ ಗುಟ್ಟನ್ನು ಅಜ್ಜಿಕಥೆಗಳಿಂದಲೇ ಅರಿತಿದ್ದರು.

‘ಗುಡುಗುಡು ಗುಮ್ಮಟ ದೇವರು’, ‘ಒಡ್ಡನ ಓಟ’, ‘ಮೆಣಸಿನ ಕಾಳಪ್ಪ’, ‘ಇಲಿಗಳ ಥಕಥೈ’ ಮುಂತಾದ ಹೆಸರುಗಳನ್ನು ಕೇಳಿದರೇ ಸಾಕು, ಒಳಗೇನಿದೆ ನೋಡೋಣವೆನಿಸುತ್ತದೆ. ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದುದಾದರೂ ನಮ್ಮ ಕಾಡಿನ ಕರಡಿಗಳಂತೆಯೇ ಕನ್ನಡ ಮಕ್ಕಳಿಗೆ ಪರಿಚಿತವಾಯಿತು. ತುಸು ಬೆಳೆದ ಹುಡುಗರಿಗಾಗಿ ಅವರು ಹೊರದೇಶದ ವೀರರನ್ನು ಹುಡುಕಿಕೊಂಡು ಹೋಗಲಿಲ್ಲ. ತುಳುನಾಡಿನ ಹೆಂಗಸರು ನಾಟಿಯ ಗದ್ದೆಯಲ್ಲಿ ಹಾಡುವ ಪಾಡ್ದನಗಳಲ್ಲಿ ಬಾಳುತ್ತಿದ್ದ ಅವಳಿ ವೀರರನ್ನು ‘ಕೋಟಿ ಚೆನ್ನಯ’ ಎಂಬ ಹೊತ್ತಗೆಯ ಮೂಲಕ ಕನ್ನಡದ ಓದಿಗೆ ತಂದರು. ಬಾಲ್ಯ ಕಳೆದು ಯೌವನಕ್ಕೆ ಕಾಲಿಡುವ ವಯಸ್ಸಿನಲ್ಲಿ ಮಕ್ಕಳು ಓದಿನಿಂದ ಜಾರಿಹೋಗುವುದು ಹೆಚ್ಚು. ಅಂತಹ ಹುಡುಗನಿಗೆ ತಾನು ಕೇಳಿ ಬಲ್ಲ ಹೆಸರುಗಳು, ತನ್ನ ಸೀಮೆಯ ಊರುಗಳು ಅಚ್ಚಿನಲ್ಲಿ ಕಂಡಾಗ ಆಗುವ ಹಿಗ್ಗು ಎಂತಹದು! ಪುಸ್ತಕವು ದೂರದವರ ಸೊತ್ತು ಎಂಬ ಅಳುಕು ಅಲ್ಲಿಗೆ ಕರಗುತ್ತದೆ.

ಇಷ್ಟನ್ನು ಬರೆದವರು ಪಾಂಡಿತ್ಯದಲ್ಲಿ ಕಡಮೆಯವರೆಂದು ಯಾರೂ ಭಾವಿಸಬಾರದು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲರು ಸಂಪಾದಿಸಿದ್ದರಷ್ಟೆ, ಆ ಆವೃತ್ತಿಯನ್ನು ಮತ್ತೆ ಪರಿಷ್ಕರಿಸಿದವರು ಇದೇ ಪಂಜೆಯವರು. ಹಳಗನ್ನಡ ವ್ಯಾಕರಣದ ಸೂತ್ರಗಳನ್ನು ಶೋಧಿಸಿದ ಲೇಖನಿಯೇ ಇಲಿಗಳನ್ನೂ ಕುಣಿಸಿತು. ಮಂಗಳೂರಿನಲ್ಲಿ ಮಿತ್ರರೊಡಗೂಡಿ ಅವರು ಕಟ್ಟಿದ ‘ಬಾಲಸಾಹಿತ್ಯ ಮಂಡಲ’ವು ಮಕ್ಕಳಿಗಾಗಿಯೇ ಪುಸ್ತಕಗಳನ್ನು ಹೊರತಂದಿತು. ಮಕ್ಕಳಿಗೆ ಬರೆಯುವುದು ವಿದ್ವಾಂಸರಿಗೆ ತಕ್ಕ ಕೆಲಸವಲ್ಲವೆಂಬ ಅಭಿಪ್ರಾಯ ಪ್ರಬಲವಾಗಿದ್ದ ದಿನಗಳವು. ಆ ಅಭಿಪ್ರಾಯ ಇಂದು ಪೂರ್ತಿಯಾಗಿ ಅಳಿದಿದೆಯೆಂದು ಹೇಳಲು ನನಗೆ ಧೈರ್ಯವಿಲ್ಲ.

ವೃತ್ತಿಯು ಅವರನ್ನು ಕೊಡಗಿಗೂ ಕರೆದೊಯ್ದಿತು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದಾಗ ಆ ನಾಡಿನ ಚೆಲುವಿಗೂ ಜನರಿಗೂ ಒಲಿದು ಬರೆದುದು ‘ಹುತ್ತರಿ ಹಾಡು’. ಸುಗ್ಗಿಯ ಹಬ್ಬದ ಸಂಭ್ರಮದೊಡನೆ ಕೊಡಗಿನ ಕೀರ್ತಿಯನ್ನು ಹಾಡುವ ಆ ಗೀತೆಯನ್ನು ಕೊಡಗಿನವರು ತಮ್ಮದೆಂದೇ ಭಾವಿಸಿ ಹಾಡಿದರು. ಹೊರಗಿನಿಂದ ಬಂದ ಉಪಾಧ್ಯಾಯನೊಬ್ಬನಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆ ಯಾವುದಿದೆ? 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಮೂರು ವರ್ಷಗಳ ನಂತರ, 1937ರ ಅಕ್ಟೋಬರಿನಲ್ಲಿ, ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ, ಹುಟ್ಟಿದ ಕಡಲ ನಾಡಿಗೆ ಬಹು ದೂರದಲ್ಲಿ ಅವರು ಕಣ್ಣು ಮುಚ್ಚಿದರು.

ಪಂಜೆಯವರು ಮಹಾಕಾವ್ಯವನ್ನು ಬರೆಯಲಿಲ್ಲ, ಬೃಹತ್ ಕಾದಂಬರಿಯನ್ನು ಬರೆಯಲಿಲ್ಲ, ಇದ್ದ ಪ್ರತಿಭೆಯನ್ನು ಬಿಡಿಬಿಡಿಯಾಗಿ ಖರ್ಚು ಮಾಡಿದರು ಎಂಬ ಕೊರಗು ವಿಮರ್ಶಕರಲ್ಲಿ ಇಲ್ಲದಿಲ್ಲ. ಹಲವು ಗುಪ್ತನಾಮಗಳಲ್ಲಿ, ಹಳೆಯ ಪತ್ರಿಕೆಗಳಲ್ಲಿ, ವರ್ಷ ಮುಗಿದೊಡನೆ ಮೂಲೆ ಸೇರುವ ಪಠ್ಯಪುಸ್ತಕಗಳಲ್ಲಿ ಚೆದರಿಹೋಗಿದ್ದ ಅವರ ಬರಹಗಳು ಸಂಪುಟಗಳಾಗಿ ಒಂದೆಡೆ ಸೇರಿದುದು ಅವರು ತೀರಿಕೊಂಡು ದಶಕಗಳಾದ ಮೇಲೆ. ಆ ಕೊರಗಿನಲ್ಲಿ ಸತ್ಯಾಂಶವಿದೆಯೆಂದು ನಾನೂ ಒಪ್ಪುತ್ತೇನೆ. ಆದರೆ ಮುಂದೆ ಬಂದ ಮಹಾಕಾವ್ಯಗಳನ್ನೂ ಕಾದಂಬರಿಗಳನ್ನೂ ಓದಿದವರು ಯಾರು? ಅವರಲ್ಲಿ ಎಷ್ಟು ಮಂದಿ ಮೊಟ್ಟಮೊದಲು ಕನ್ನಡದ ಸವಿಯನ್ನು ಕಂಡುದು ‘ಕವಿಶಿಷ್ಯ’ನ ಪುಟದಲ್ಲಿ? ಆ ಲೆಕ್ಕವನ್ನು ಯಾವ ಸಾಹಿತ್ಯ ಚರಿತ್ರೆಯೂ ಇಟ್ಟಿಲ್ಲ.

ಇನ್ನು ನನ್ನ ತಪ್ಪೊಂದನ್ನು ಹೇಳಿ ಮುಗಿಸುತ್ತೇನೆ. ನನ್ನ ಮಗಳಿಗೆ ಹನ್ನೊಂದು ವರ್ಷವಾದಾಗ, ಅವಳಲ್ಲಿ ಓದುವ ಹವ್ಯಾಸವನ್ನು ಬೆಳೆಸಬೇಕೆಂಬ ಉತ್ಸಾಹದಿಂದ ನಾನು ಒಂದು ನೋಟುಪುಸ್ತಕವನ್ನು ತಂದುಕೊಟ್ಟೆ. ಓದಿದ ಪ್ರತಿಯೊಂದು ಪುಸ್ತಕದ ಸಾರಾಂಶವನ್ನು ಅದರಲ್ಲಿ ಬರೆಯಬೇಕು. ಭಾನುವಾರ ನಾನು ನೋಡುವೆನು. ಮೊದಲ ತಿಂಗಳು ಐದು ಪುಸ್ತಕಗಳ ಸಾರಾಂಶ ಬಂತು, ಎರಡನೆಯ ತಿಂಗಳು ಎರಡು. ಮೂರನೆಯ ತಿಂಗಳು ನೋಟುಪುಸ್ತಕ ಖಾಲಿ. ಆಮೇಲೆ ಗಮನಿಸಿದರೆ, ಮುಂಚೆ ಊಟದ ಹೊತ್ತಿನಲ್ಲಿಯೂ ಕಥೆಪುಸ್ತಕವನ್ನು ಬಿಡದೆ ತಾಯಿಯಿಂದ ಬೈಸಿಕೊಳ್ಳುತ್ತಿದ್ದವಳು ಓದುವುದನ್ನೇ ಬಿಟ್ಟಿದ್ದಳು. ಮನೆಯೊಳಗೆ ನಾನೇ ಹಳೆಯ ಕಾಲದ ಇನ್ಸ್‌ಪೆಕ್ಟರನಾಗಿದ್ದೆ. ಆ ವೃತ್ತಿಯಲ್ಲಿಯೇ ಇದ್ದ ಪಂಜೆಯವರು ಅದನ್ನು ಹೇಗೆ ನಡೆಸಿದರೆಂದು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುತ್ತ ಬಂದವನು ನಾನು!

ನೋಟುಪುಸ್ತಕವನ್ನು ಎತ್ತಿಟ್ಟೆ. ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ನಾನೇ ಗಟ್ಟಿಯಾಗಿ ಓದತೊಡಗಿದೆ. ಕೇಳೆಂದು ಯಾರನ್ನೂ ಕರೆಯಲಿಲ್ಲ. ಮೊದಲ ಕೆಲವು ರಾತ್ರಿ ಹೆಂಡತಿ ಮಾತ್ರ ಕೇಳಿದಳು. ಆಮೇಲೆ ಮಗಳು ಬಾಗಿಲ ಬಳಿ ಬಂದು ನಿಂತಳು. ‘ಕೋಟಿ ಚೆನ್ನಯ’ವನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿದ ಒಂದು ರಾತ್ರಿಯ ಮರುದಿನ, ಕಾಲೇಜಿಗೆ ಹೊರಡುವಾಗ ನೋಡಿದರೆ ಮೇಜಿನ ಮೇಲಿದ್ದ ಪುಸ್ತಕ ಅಲ್ಲಿರಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ. ಅದರ ಕಥೆ ಹೇಗೆ ಮುಗಿಯುತ್ತದೆಂದು ಅವಳನ್ನು ಇಂದಿಗೂ ಕೇಳಿಲ್ಲ.