ರಾಬರ್ಟ್ ಬ್ರೂಸ್ ಫೂಟ್

1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಫೂಟರು 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. ಅವರಿಗೆ ವಹಿಸಿದ್ದ ಕಾರ್ಯ ಶಿಲೆಗಳ ಪರಿಶೀಲನೆ. ಆದರೆ ಅವರ ದೃಷ್ಟಿ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರದಲ್ಲಿ ಬಿದ್ದಿದ್ದ ಕಲ್ಲೊಂದನ್ನು ಆದಿಮಾನವನು ಕೆತ್ತಿದ ಆಯುಧವೆಂದು ಗುರುತಿಸಿದರು. ಭಾರತದ ಪ್ರಾಗಿತಿಹಾಸ ಸಂಶೋಧನೆಗೆ ಅದೇ ನಾಂದಿಯಾಯಿತು.

ಮುಂದೆ ಬೆಳಗಾವಿ ಸೀಮೆಯ ಬಂಡೆಗಳನ್ನು ಅಭ್ಯಸಿಸುವಾಗ ಗೋಕಾಕದ ಬಳಿ ಮಣ್ಣಿನಲ್ಲಿ ಹುದುಗಿದ್ದ ಎಲುಬುಗಳು ದೊರೆತವು. ಶಿಲೆಗಳ ನಕ್ಷೆಗೆ ಅವು ಬೇಕಿರಲಿಲ್ಲ. ಬಿಟ್ಟು ನಡೆದಿದ್ದರೆ ಕೇಳುವವರಾರು? ಫೂಟರು ಅವನ್ನು ಬಿಡಲಿಲ್ಲ. ಅಳಿದುಹೋದ ಖಡ್ಗಮೃಗವೊಂದರ ಅವಶೇಷಗಳೆಂದು 1874ರಲ್ಲಿ ವಿವರಿಸಿ, ಅದಕ್ಕೆ ದಖ್ಖನಿನ ಹೆಸರನ್ನೇ ಇಟ್ಟರು. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕಬ್ಬು ತೂಗಾಡುತ್ತದೆ. ಖಡ್ಗಮೃಗ ಮೇಯುತ್ತಿದ್ದ ನೆಲವಿದೆಂದು ಯಾರು ಊಹಿಸಿಯಾರು! 1912ರಲ್ಲಿ ಫೂಟರು ನಿಧನರಾದರು. ಅವರು ಸಂಗ್ರಹಿಸಿದ ಕಲ್ಲಿನ ಆಯುಧಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.