ಪ್ಯಾಪ್ ಪರೀಕ್ಷೆಯ ಹಿಂದಿದ್ದ ಗಿನಿಪಿಗ್

ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮಾಡುವ ‘ಪ್ಯಾಪ್ ಸ್ಮಿಯರ್’ ಪರೀಕ್ಷೆಯ ಬಗ್ಗೆ ನಾವೆಲ್ಲ ಕೇಳಿದ್ದೇವೆ. ‘ಪ್ಯಾಪ್’ ಎಂಬುದು ಜಾರ್ಜ್ ಪಾಪಾನಿಕೊಲಾವ್ ಅವರ ಹೆಸರಿನ ತುಣುಕು. 1883ರಲ್ಲಿ ಗ್ರೀಸ್‌ನಲ್ಲಿ ಹುಟ್ಟಿದ ಈ ವೈದ್ಯರು 1913ರಲ್ಲಿ ಪತ್ನಿಯೊಂದಿಗೆ ನ್ಯೂಯಾರ್ಕಿಗೆ ಬಂದರು. ಮೊದಲಿಗೆ ಹೊಟ್ಟೆಪಾಡಿಗಾಗಿ ರತ್ನಗಂಬಳಿ ಮಾರಿ, ನಂತರ ಕಾರ್ನೆಲ್ ವೈದ್ಯಕೀಯ ಕಾಲೇಜು ಸೇರಿದರು.

ಅಲ್ಲಿ ಅವರ ಸಂಶೋಧನೆಗೆ ಗಿನಿಪಿಗ್‌ನ ಅಂಡಾಣು ಬೇಕಿತ್ತು. ಗಿನಿಪಿಗ್‌ಗೆ ಮುಟ್ಟಿನ ರಕ್ತಸ್ರಾವ ಇರುವುದಿಲ್ಲ. ಯೋನಿಯನ್ನು ಮುಚ್ಚಿರುವ ತೆಳುಪೊರೆ ಬೆದೆಯ ವೇಳೆ ತೆರೆದುಕೊಂಡರೂ, ಅಂಡಾಣು ಬಿಡುಗಡೆಯಾಗುವ ಸರಿಯಾದ ಹೊತ್ತು ತಿಳಿಯದು. ಅಂದಾಜಿನ ಮೇಲೆ ಪ್ರಾಣಿಯನ್ನು ಕೊಂದು ನೋಡಬೇಕಿತ್ತು. ಅದರ ಬದಲು ಪಾಪಾನಿಕೊಲಾವ್ ಯೋನಿಯ ದ್ರವವನ್ನು ದಿನವೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅದರಲ್ಲಿನ ಜೀವಕೋಶಗಳು ಸುಮಾರು 16 ದಿನಗಳ ಚಕ್ರದಲ್ಲಿ ಕ್ರಮವಾಗಿ ಬದಲಾಗುತ್ತಿದ್ದವು. 1917ರಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಜೊತೆ ಇದನ್ನು ಪ್ರಕಟಿಸಿದರು.

ಬಳಿಕ ಇದೇ ವಿಧಾನದಲ್ಲಿ ಮಹಿಳೆಯರನ್ನು ಪರೀಕ್ಷಿಸುವಾಗ ಕ್ಯಾನ್ಸರ್ ಕೋಶಗಳು ಕಂಡವು. 1928ರಲ್ಲಿ ಅದನ್ನು ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಬರೆದ ಪುಸ್ತಕ ಬಂದ ಮೇಲೆ ಪರೀಕ್ಷೆ ಎಲ್ಲೆಡೆ ಹರಡಿತು. ಅವರು 1962ರಲ್ಲಿ ತೀರಿಕೊಂಡರು.

ತೊಂದರೆಯಿಲ್ಲದಿದ್ದರೆ ಈ ಪರೀಕ್ಷೆ ಬೇಡ ಎಂಬ ನಂಬಿಕೆ ತಪ್ಪು. ಯಾವ ಲಕ್ಷಣವೂ ಇಲ್ಲದಾಗಲೇ, ಕ್ಯಾನ್ಸರ್ ಆಗುವ ಮೊದಲೇ, ಬದಲಾದ ಕೋಶಗಳನ್ನು ಹಿಡಿಯುವುದೇ ಇದರ ಉದ್ದೇಶ.