ಮೆಟ್ರಿಕ್ ದಾಟದ ಹುಡುಗ ಡಿ.ವಿ.ಜಿ. ಆದರು

ಪೋಷಕರೇ, ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿದೆ. ಕೊಳತ್ತೂರಿನ ಕನ್ನಡ ಮಕ್ಕಳಿಗೆ ಎಲ್ಲರಿಗಿಂತ ಒಂದು ಭಾರ ಹೆಚ್ಚು. ಪಾಠ ಕಲಿಯುವುದು ಕನ್ನಡದಲ್ಲಿ, ಸುತ್ತಲಿನ ಊರು ಕಚೇರಿಗಳೆಲ್ಲ ತಮಿಳಿನಲ್ಲಿ. ಫೇಲಾದರೆ ಮುಂದೇನು ಎಂಬ ಭಯ ಅನೇಕ ಮಕ್ಕಳ ಊಟ, ನಿದ್ದೆ ಕೆಡಿಸುತ್ತದೆ. ಇಂಥ ಹೊತ್ತಿನಲ್ಲಿ ನೀವು ಮನೆಯಲ್ಲಿ ಹೇಳಬಹುದಾದ ಒಬ್ಬರ ಬದುಕನ್ನು ಇಲ್ಲಿ ಬರೆದಿದ್ದೇನೆ.

ಅವರು ಡಿ.ವಿ. ಗುಂಡಪ್ಪ. 1887ರ ಮಾರ್ಚ್ 17ರಂದು ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ಮುಳಬಾಗಿಲೂ ನಮ್ಮ ಊರಿನಂತೆ ಗಡಿಯ ಊರೇ. ತೆಲುಗು, ತಮಿಳು ಮಾತು ಅಲ್ಲಿಯವರ ಕಿವಿಗೆ ಹೊಸದಲ್ಲ. ಅಲ್ಲಿನ ಓದು ಮುಗಿದ ಮೇಲೆ ಹಿತೈಷಿ ರಸೂಲ್ ಖಾನರ ಸಹಾಯದಿಂದ ಗುಂಡಪ್ಪ ಮೈಸೂರಿನ ಪ್ರೌಢಶಾಲೆಗೆ ಸೇರಿದರು. ಮುಂದೆ ಕೋಲಾರದಲ್ಲೂ ಓದಿದರು. ಆದರೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಶಾಲೆಯ ಓದು ಅಲ್ಲಿಗೇ ನಿಂತಿತು.

ಅಂದು ಮೆಟ್ರಿಕ್ ಆಗದವನಿಗೆ ಸರಕಾರಿ ಕೆಲಸದ ಬಾಗಿಲು ಬಹುಪಾಲು ಮುಚ್ಚಿದಂತೆಯೇ. ಗುಂಡಪ್ಪ ಸಿಕ್ಕ ಕೆಲಸ ಹಿಡಿದರು. ಊರಿನ ಶಾಲೆಯಲ್ಲಿ ಕೆಲವು ದಿನ ಬದಲಿ ಮೇಷ್ಟರಾದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಫ್ಯಾಕ್ಟರಿಗೆ ಸೇರಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲಿ ದುಡಿದರು. ಆದರೆ ಓದುವುದನ್ನು ಮಾತ್ರ ಬಿಡಲಿಲ್ಲ. ಸಂಸ್ಕೃತ, ಇಂಗ್ಲಿಷ್ ಎರಡನ್ನೂ ಸ್ವಂತ ಶ್ರಮದಿಂದ ಬೆಳೆಸಿಕೊಂಡರು. ಪತ್ರಿಕೆಗಳಿಗೆ ಬರೆಯತೊಡಗಿ, ಕೊನೆಗೆ ತಾವೇ ಪತ್ರಿಕೆ ನಡೆಸಿದರು. ಪರೀಕ್ಷೆ ದಾಟದ ಆ ಹುಡುಗ ಮುಂದೆ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು.

1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1943ರಲ್ಲಿ ಮಂಕುತಿಮ್ಮನ ಕಗ್ಗ ಬಂತು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ಬಂದವು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಇಂಥವರು ಇವರೊಬ್ಬರೇ ಅಲ್ಲ. ಅದೇ 1887ರಲ್ಲಿ, ಕಾವೇರಿಯ ದಂಡೆಯಲ್ಲೇ ನಮಗಿಂತ ಕೆಳಗಿರುವ ಈರೋಡಿನಲ್ಲಿ ಹುಟ್ಟಿದ ಗಣಿತದ ರಾಮಾನುಜನ್ ಕೂಡ ಎಫ್.ಎ. ಪರೀಕ್ಷೆಯಲ್ಲಿ ಸೋತವರೇ.

ಇದನ್ನು ಕೇಳಿ ಪರೀಕ್ಷೆ ಮುಖ್ಯವಲ್ಲ ಎಂದುಕೊಳ್ಳಬೇಡಿ. ಕಾಲ ಬದಲಾಗಿದೆ. ಇಂದು ಐ.ಟಿ.ಐ. ಸೇರುವುದಕ್ಕೂ ಮಾರ್ಕ್ಸ್ ಕಾರ್ಡ್ ಬೇಕು. ಮಕ್ಕಳು ಮನಸ್ಸಿಟ್ಟು ಓದಲೇಬೇಕು. ಗುಂಡಪ್ಪನವರ ಬದುಕು ಹೇಳುವುದು ಬೇರೆ ಮಾತು. ಪರೀಕ್ಷೆ ಅಳೆಯುವುದು ಆ ಮೂರು ಗಂಟೆಯ ಬರವಣಿಗೆಯನ್ನು. ಮಗುವಿನ ಇಡೀ ಯೋಗ್ಯತೆಯನ್ನಲ್ಲ. ಇದು ಗೊತ್ತಿರುವ ಮಗುವಿನ ಕೈ ನಡುಗುವುದು ಕಡಿಮೆ.

ಅವರಿಗಿಂತ ನಮ್ಮ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಒಂದೆರಡು ವಿಷಯದಲ್ಲಿ 35 ಅಂಕ ಬಾರದಿದ್ದರೂ ಕೆಲವೇ ವಾರಗಳಲ್ಲಿ ಪೂರಕ ಪರೀಕ್ಷೆ ಬರೆಯಬಹುದು. ಪಾಸಾದರೆ ಅದೇ ವರ್ಷ ಮುಂದಿನ ಓದಿಗೆ ಸೇರಬಹುದು. ಈ ಮಾತನ್ನು ಫಲಿತಾಂಶದ ದಿನಕ್ಕೆ ಕಾದಿಡಬೇಡಿ, ಈಗಲೇ ಹೇಳಿ. ಫಲಿತಾಂಶ ಏನೇ ಬರಲಿ, ನೇರ ಮನೆಗೆ ಬಾ ಎಂದೂ ಹೇಳಿಡಿ.

ಪಕ್ಕದ ಮನೆಯ ಮಗುವಿನ ಅಂಕದ ಮಾತು ಎತ್ತಬೇಡಿ. ಹಿಂದಿನ ರಾತ್ರಿ ಹೊಸ ಪಾಠ ಬೇಡ, ಬೇಗ ಮಲಗಿಸಿ. ಪ್ರಶ್ನೆಪತ್ರಿಕೆ ಓದಲೆಂದೇ ಮೊದಲ ಹತ್ತು ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ಚೆನ್ನಾಗಿ ಗೊತ್ತಿರುವ ಪ್ರಶ್ನೆಗಳನ್ನು ಗುರುತಿಸಿಕೊಂಡು ಅಲ್ಲಿಂದಲೇ ಬರೆಯುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಬರೆದು ಬಂದ ಮೇಲೆ ಉತ್ತರ ವಿಚಾರಿಸುವ ಮೊದಲು ಊಟ ಬಡಿಸಿ.

ಗುಂಡಪ್ಪನವರಿಗೆ ಓದಿನ ದಾರಿಯಲ್ಲಿ ಕೈಹಿಡಿಯಲು ಊರಿನ ರಸೂಲ್ ಖಾನ್ ಇದ್ದರು. ನಿಮ್ಮ ಮಗುವಿಗೆ ನೀವಿದ್ದೀರಿ.